ಎಂಟು ಆಳಿಗೂ ಬಿಡುವಾದಾಗ

ಕಣ್ಣಾಸ್ಪತ್ರೆಯ ಹುಡುಗಿ ಫೋನಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಮರ್ಯಾದೆಗೆ ಎದುರುತ್ತರ ಕೊಡುವುದು ಕಷ್ಟ.

"ಸರ್, ಹೋದ ಸಲ ನೀವು ಒಬ್ರೇ ಬಂದಿದ್ರಿ, ವಾಪಸ್ ಕಳಿಸಬೇಕಾಯ್ತು. ಈ ಗುರುವಾರ ಜೊತೆಗೆ ಒಬ್ರು ಇರಲೇಬೇಕು. ಇಲ್ಲಾಂದ್ರೆ ನಿಮ್ಮ ಹೆಸರು ಸರದಿಯ ಕೊನೆಗೆ ಹೋಗಿಬಿಡುತ್ತೆ. ಆಮೇಲೆ ಮುಂದಿನ ವರ್ಷವೇ."

"ಒಂದು ಕಣ್ಣಿಗೆ ಪಟ್ಟಿ ಕಟ್ತೀರಿ ತಾನೆ? ಇನ್ನೊಂದು ಕಣ್ಣು ಇರುತ್ತಲ್ಲಮ್ಮ. ನಡ್ಕೊಂಡು ಹೋಗ್ತೀನಿ."

"ಹಾಗೆ ಬಿಡೋಕಾಗಲ್ಲ ಸರ್. ಮನೆಯವರು ಯಾರಾದ್ರೂ ಒಬ್ರು ಬಂದ್ರೆ ಸಾಕು. ಯಾರಾದ್ರೂ ಆಗುತ್ತೆ."

ಯಾರಾದರೂ ಆಗುತ್ತದಂತೆ. ಮದುವೆಯಾಗದೆ ಐವತ್ತು ದಾಟಿದವನಿಗೆ ಈ 'ಯಾರಾದರೂ' ಅನ್ನುವವರು ಸಿಗುವುದು ಎಷ್ಟು ಕಷ್ಟ ಎಂದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು? "ಆಯ್ತಮ್ಮ, ಕರ್ಕೊಂಡು ಬರ್ತೀನಿ" ಎಂದು ಫೋನ್ ಇಟ್ಟೆ.

ನಾನು ಕನ್ನಡಕದ ಗಾಜು ತಯಾರಿಸುವ ಕಾರ್ಖಾನೆಯಲ್ಲಿ ಕಂಪ್ಯೂಟರುಗಳ ಉಸ್ತುವಾರಿ. ಊರಿಗೆಲ್ಲ ಕಣ್ಣು ಕೊಡುವ ಕಡೆ ಕೂತು ನನ್ನ ಎಡಗಣ್ಣಿಗೇ ಪೊರೆ ಬಂದಿದೆ, ಬಲಗಣ್ಣಿನಲ್ಲೂ ಶುರುವಾಗಿದೆ. ನಗುವವರು ನಗಲಿ, ಮೊದಲು ನಾನೂ ನಕ್ಕಿದ್ದೆ. ಈಗ ನಗು ಬರುವುದಿಲ್ಲ. ಪರದೆಯ ಮೇಲಿನ ಅಂಕಿಗಳು ನೀರಿಗೆ ಬಿದ್ದ ಹಾಗೆ ಕಾಣುತ್ತವೆ. ಇನ್ನೊಂದು ವರ್ಷ ಹೀಗೇ ಕಳೆದರೆ ಈ ಕೆಲಸ ನನ್ನ ಕೈಯಲ್ಲಿ ಉಳಿಯುವುದಿಲ್ಲ. ಕೆಲಸ ಹೋದರೆ ದಿನಕ್ಕೊಂದು ಸಲ "ಊಟ ಆಯ್ತಾ?" ಎಂದು ಕೇಳುವವರೂ ಇರುವುದಿಲ್ಲ. ನನಗೆ ಭಯವಿದ್ದದ್ದು ಎರಡನೆಯದಕ್ಕೆ.

ನನ್ನ ಕೋಣೆಗೆ ಕಿಟಕಿಯಿಲ್ಲ. ಯಂತ್ರಗಳು ಬಿಸಿಯಾಗಬಾರದೆಂದು ವರ್ಷವಿಡೀ ತಣ್ಣನೆಯ ಗಾಳಿ ಬಿಟ್ಟಿರುತ್ತಾರೆ, ಬೇಸಿಗೆಯಲ್ಲೂ ನಾನು ಸ್ವೆಟರ್ ಹಾಕಿಕೊಂಡೇ ಕೂರುವುದು. ಫ್ಯಾನುಗಳು ಒಂದೇ ಸಮ ಗುಂಯ್ ಎನ್ನುತ್ತವೆ. ಮೊದಲು ಇಬ್ಬರಿದ್ದೆವು. ಇನ್ನೊಬ್ಬನನ್ನು ಬೇರೆ ಶಾಖೆಗೆ ವರ್ಗ ಮಾಡಿದ ಮೇಲೆ ಅವನ ಕುರ್ಚಿಯ ಮೇಲೆ ನಾನು ಊಟದ ಡಬ್ಬಿ ಇಡಲು ಶುರುಮಾಡಿದೆ. ಬಂದವರು "ಇಲ್ಲಿ ಯಾರಾದ್ರೂ ಕೂರ್ತಾರಾ?" ಎಂದು ಕೇಳದಿರಲಿ ಎಂದು.

ಆ ಹಳೆಯ ಜೊತೆಗಾರ ಮತ್ತು ನಾನು ಸೇರಿ ನಮ್ಮ ಕೆಲಸಕ್ಕೆ ಒಂದು ಭಾಷೆ ಕಟ್ಟಿಕೊಂಡಿದ್ದೆವು. ಇಲ್ಲಿ ಕಬ್ಬಿಣದ ನಿಜವಾದ ದೊಡ್ಡ ಯಂತ್ರ ಒಂದೇ. ಅದರ ಹೊಟ್ಟೆಯಲ್ಲಿ ನಾಲ್ಕೈದು ಸುಳ್ಳು ಯಂತ್ರಗಳು, ಅಂದರೆ ವರ್ಚುವಲ್ ಮೆಷಿನ್‌ಗಳು. ಹಾಜರಿಗೆ ಒಂದು, ಲೆಕ್ಕಪತ್ರಕ್ಕೆ ಒಂದು, ಇ-ಮೇಲ್ ಅಂಚೆಗೆ ಒಂದು, ಗಾಜಿನ ಬಾಗು ಎಷ್ಟಿರಬೇಕೆಂದು ಗಣಿತ ಮಾಡುವುದಕ್ಕೆ ಒಂದು. ಪ್ರತಿಯೊಂದೂ ಇಡೀ ಕಬ್ಬಿಣ ತನ್ನೊಬ್ಬನದೇ ಎಂದುಕೊಂಡು ಸುಖವಾಗಿರುತ್ತದೆ. ದುಡಿಯುವ ಪ್ರೊಸೆಸರ್ ಕೂರುವ ಸಾಕೆಟ್ಟಿಗೆ ನಾವು 'ಮನೆ' ಎನ್ನುತ್ತಿದ್ದೆವು. ಅದರೊಳಗಿನ ಕೋರ್‌ಗಳಿಗೆ 'ಆಳು'. "ಒಂದು ಮನೆ, ಎರಡು ಆಳು ಕೊಡು" ಎಂದರೆ ಮುಗಿಯಿತು. ಜೊತೆಗಾರ ಹೋದ ಮೇಲೆ ಈ ಭಾಷೆ ಮಾತಾಡುವವನು ನಾನೊಬ್ಬನೇ ಉಳಿದೆ, ಅದೂ ಯಂತ್ರದ ಜೊತೆ.

ಹುಡುಗಿಯ ಫೋನು ಬಂದ ದಿನವೇ ಮನೆಯವರಿಗೆ ಸುದ್ದಿ ಹಾಕಿದೆ. ಮನೆಯವರೆಂದರೆ ಏನೆಂದು ಇಲ್ಲಿ ಹೇಳಬೇಕು.

ನಮ್ಮ ಮನೆತನಕ್ಕೆ ಒಂದು ಹುಚ್ಚಿದೆ, ಅದರ ಹೆಸರು 'ಒಟ್ಟಿಗೆ'. ಅಪ್ಪ ಇದ್ದಾಗ ಎಲ್ಲರೂ ಬಂದು ಕೂರುವ ತನಕ ಯಾರೂ ತುತ್ತು ಎತ್ತುವಂತಿರಲಿಲ್ಲ. ಒಬ್ಬರು ಬಚ್ಚಲಲ್ಲಿದ್ದರೆ ಉಳಿದವರ ತಟ್ಟೆ ಆರುತ್ತಿತ್ತು. ಫೋಟೋ ತೆಗೆಸಿದರೆ ಒಟ್ಟಿಗೆ, ತಲೆಗೂದಲು ಕತ್ತರಿಸಿಕೊಂಡರೆ ಒಟ್ಟಿಗೆ, ಕೆಮ್ಮು ಬಂದರೂ ಒಟ್ಟಿಗೆ. ಅಪ್ಪ ಹೋದ ಮೇಲೆ ಅಣ್ಣ ಆ ಅಧಿಕಾರ ವಹಿಸಿಕೊಂಡ. ಮೊಬೈಲಿನಲ್ಲಿ ಒಂದು ಗುಂಪು ಮಾಡಿ ಅದಕ್ಕೆ 'ಒಟ್ಟಿಗೆ' ಎಂದೇ ಹೆಸರಿಟ್ಟ. ಅದರಲ್ಲಿ ಅಣ್ಣ, ಅತ್ತಿಗೆ, ಅಕ್ಕ, ತಂಗಿ ಪುಟ್ಟಿ, ಅವಳ ಗಂಡ, ಎಲ್ಲರ ಮಕ್ಕಳು, ಮತ್ತೆ ನಾನು. ಎಲ್ಲರೂ ಇರುವುದು ಇದೇ ಊರಿನಲ್ಲಿ, ಬಸ್ಸು ಹತ್ತಿದರೆ ಯಾರ ಮನೆಯ ಬಾಗಿಲನ್ನಾದರೂ ತಟ್ಟಬಹುದು. ಆದರೆ ಒಬ್ಬೊಬ್ಬರಾಗಿ ಹೋದರೆ ನಮ್ಮಲ್ಲಿ ಅದು ಹೋದ ಹಾಗಲ್ಲ. "ಉಳಿದವರು ಎಲ್ಲಿ?" ಎಂದು ಬಾಗಿಲಲ್ಲೇ ಕೇಳುತ್ತಾರೆ. ಹಾಗಾಗಿ ಎಲ್ಲರಿಗೂ ಬಿಡುವಾದಾಗ ಸೇರೋಣ ಎಂದು ಮಾತು. ಅಮ್ಮ ತೀರಿಕೊಂಡ ಮೇಲೆ ಎಲ್ಲರಿಗೂ ಬಿಡುವಾಗಿಲ್ಲ.

ಆ ಗುಂಪಿನಲ್ಲಿ ನಾನು ಹೀಗೆ ಬರೆದೆ: "ಗುರುವಾರ ನನ್ನ ಕಣ್ಣಿನ ಆಪರೇಷನ್. ಯಾರಾದರೂ ಒಬ್ಬರು ಜೊತೆಗೆ ಬಂದರೆ ಸಾಕು." ಮೊದಲು 'ದಯವಿಟ್ಟು' ಎಂದು ಸೇರಿಸಿದ್ದೆ, ಆಮೇಲೆ ಅಳಿಸಿದೆ. ಒಡಹುಟ್ಟಿದವರ ಹತ್ತಿರ ಅರ್ಜಿ ಗುಜರಾಯಿಸಿದ ಹಾಗೆ ಕಾಣುತ್ತಿತ್ತು.

ಅಣ್ಣ ತಕ್ಷಣ ಉತ್ತರ ಹಾಕಿದ: "ಒಬ್ಬರು ಯಾಕೆ, ಎಲ್ಲರೂ ಬರ್ತೀವಿ." ಅತ್ತಿಗೆ ಕೈಮುಗಿದ ಚಿತ್ರ ಕಳಿಸಿದರು, ನನಗೋ ದೇವರಿಗೋ ತಿಳಿಯಲಿಲ್ಲ. ಪುಟ್ಟಿ ಶಾಲೆಯಲ್ಲಿ ಟೀಚರು, "ಗುರುವಾರ ಪರೀಕ್ಷೆ ಇದೆ ಅಣ್ಣ, ಭಾನುವಾರಕ್ಕೆ ಹಾಕಿಸ್ಕೊ, ಎಲ್ರೂ ಒಟ್ಟಿಗೆ ಬರಬಹುದು" ಎಂದಳು. ಭಾನುವಾರ ಕಣ್ಣು ಕೊಯ್ಯುವ ಡಾಕ್ಟರನ್ನು ಪುಟ್ಟಿಯೇ ಹುಡುಕಿಕೊಡಬೇಕು. ಅವಳ ಗಂಡ ಹೆಬ್ಬೆರಳು ಎತ್ತಿದ. ಅಣ್ಣನ ಮಗ ಉಬ್ಬಿದ ತೋಳಿನ ಚಿತ್ರ ಹಾಕಿದ, ಚಿಕ್ಕಪ್ಪ ಕುಸ್ತಿಗೆ ಹೊರಟಿದ್ದಾನೆ ಎಂದುಕೊಂಡನೋ ಏನೋ. ಅಕ್ಕ ಎಂದಿನಂತೆ ಏನೂ ಬರೆಯಲಿಲ್ಲ. ಅವಳು ಓದುತ್ತಾಳೆ, ಅಷ್ಟೇ. ಮೊಣಕಾಲು ನೋವಿನವಳು, ಊರಿನ ಆ ತುದಿಯಲ್ಲಿರುವವಳು, ಅವಳಿಂದ ಏನನ್ನು ಬಯಸುವುದು ಎಂದು ನಾನೂ ಬಿಟ್ಟೆ.

ಸಂಜೆಯ ಹೊತ್ತಿಗೆ ಮಾತು ಬೇರೆ ಕಡೆ ಹೊರಳಿತು. ಯಾರದೋ ಹೊಸ ಫ್ರಿಜ್ಜಿನ ಬಣ್ಣ ಚೆನ್ನಾಗಿದೆಯೋ ಇಲ್ಲವೋ ಎಂಬ ಚರ್ಚೆ. ನನ್ನ ಕಣ್ಣು ಮೇಲೆ ಮೇಲೆ ಸರಿದು ಪರದೆಯಿಂದಲೇ ಹೊರಟುಹೋಯಿತು.

ಮರುದಿನ ಬೆಳಿಗ್ಗೆ ಗಾಜು ಉಜ್ಜುವ ವಿಭಾಗದ ಮೇಸ್ತ್ರಿ ನನ್ನ ಕೋಣೆಗೆ ಬಂದರು. ಕಾರ್ಖಾನೆಯಲ್ಲಿ ನನ್ನನ್ನು ಎಲ್ಲರೂ 'ಡಬ್ಬಿ ಸಾರ್' ಎನ್ನುವುದು ಇವರ ಕೃಪೆ. ಸುತ್ತ ಕಪ್ಪು ಡಬ್ಬಿಗಳು, ಕುರ್ಚಿಯ ಮೇಲೆ ಊಟದ ಡಬ್ಬಿ, ಇನ್ನೇನು ಕರೆಯುವುದು ಎಂದು ಅವರ ವಾದ.

"ಡಬ್ಬಿ ಸಾರ್, ನಿಮ್ಮ ಗಣಿತದ ಯಂತ್ರ ಕೈಕೊಟ್ಟಿದೆ. ಉಜ್ಜೋ ಮಿಷನ್ನೆಲ್ಲ ಕೈ ಎತ್ಕೊಂಡು ನಿಂತಿವೆ. ಲೆಕ್ಕ ಬಂದ್ರೆ ತಾನೆ ಉಜ್ಜೋದು?"

ಆದದ್ದಿಷ್ಟು. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು ಎಂಬ ಹೊಸ ಮಾದರಿ ಬಂದಿತ್ತು. ಅದರ ಗಣಿತ ದೊಡ್ಡದು. ಎರಡು ಆಳಿಗೆ ಅದು ಹೊರಲಾರದ ಭಾರ. ನಾನು ಹಿಂದಿನ ವಾರ ಧಾರಾಳವಾಗಿ ಎಂಟು ಆಳು ಕೊಟ್ಟಿದ್ದೆ. ಕೊಡುವಾಗ ಎಂಟು ಮನೆ, ಮನೆಗೊಬ್ಬ ಆಳು ಎಂದು ಬರೆದಿದ್ದೆ. ಆದರೂ ಸುಳ್ಳು ಯಂತ್ರದ ಒಳಗೆ ಹೋಗಿ ನೋಡಿದರೆ ಕಾಣುವುದು ಇಬ್ಬರೇ. ಉಳಿದ ಆರು ಜನ ಎಲ್ಲಿ?

ಬೆಳಗ್ಗೆಯೆಲ್ಲ ಅವರನ್ನು ಹುಡುಕಿದೆ. ಕೊನೆಗೆ ತಿಳಿಯಿತು. ಆ ಯಂತ್ರದೊಳಗಿನ ಆಪರೇಟಿಂಗ್ ಸಿಸ್ಟಮ್ ಹಳೆಯದು, ಅದು ಒಪ್ಪುವುದು ಎರಡೇ ಮನೆ. ಎರಡನೆಯ ಮನೆಯಿಂದಾಚೆ ಯಾರಿದ್ದರೂ ಅದಕ್ಕೆ ಲೆಕ್ಕವಿಲ್ಲ. ಒಂದೇ ಮನೆಯಲ್ಲಿ ಎಂಟೂ ಜನರನ್ನು ಕೂರಿಸಿದ್ದರೆ ಎಲ್ಲರಿಗೂ ಬಾಗಿಲು ತೆರೆಯುತ್ತಿತ್ತು. ಬೇರೆ ಬೇರೆ ಮನೆ ಮಾಡಿಸಿ ಆರು ಜನರನ್ನು ನಾನೇ ಬೀದಿಗೆ ಹಾಕಿದ್ದೆ.

ಯಂತ್ರ ನಿಲ್ಲಿಸಿ, ಮನೆಗೆ ಎಂಟು ಆಳು ಎಂದು ಬದಲಿಸಿ, ಮತ್ತೆ ಹೊರಡಿಸಿದೆ. ಹೊರಡಲೇ ಇಲ್ಲ. ಕೆಂಪು ಪಟ್ಟಿಯಲ್ಲಿ ತಪ್ಪು ತೋರಿಸಿತು: ಒಟ್ಟು ಆಳುಗಳನ್ನು ಮನೆಗಳಿಗೆ ಸಮನಾಗಿ ಹಂಚಲು ಆಗುತ್ತಿಲ್ಲ. ಎಂಟನ್ನು ಎಂಟರಿಂದ ಭಾಗಿಸಲು ಬಾರದ ಯಂತ್ರವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಮತ್ತೆ ಹೊರಡಿಸಿದೆ, ಮತ್ತೆ ಅದೇ. ತಂತ್ರಾಂಶ ಮಾಡಿದವರ ವಂಶವನ್ನೆಲ್ಲ ನೆನೆಸಿಕೊಂಡು ಬೈದೆ.

ಹಿಂದೆ ನಿಂತಿದ್ದ ಮೇಸ್ತ್ರಿ ಬಗ್ಗಿ ನೋಡಿದರು. "ಸಾರ್, ಇಲ್ಲಿ ಮೂರು ಅಂತಿದೆ."

"ಎಲ್ಲಿ?"

"ಇಲ್ಲೇ. ನಿಮ್ಮ ಬೆರಳ ಕೆಳಗೆ."

ಪಟ್ಟಿಯಲ್ಲಿ ಎಂಟು ಎಂದುಕೊಂಡು ನಾನು ಒತ್ತಿದ್ದು ಮೂರನ್ನು. ಪೊರೆ ಬಂದ ಕಣ್ಣಿಗೆ ಇಂಗ್ಲಿಷಿನ ಎಂಟಕ್ಕೂ ಮೂರಕ್ಕೂ ಅಂತರವಿಲ್ಲ, ಮೂರರ ತೆರೆದ ಬಾಯಿಯನ್ನು ಮಂಜೇ ಮುಚ್ಚಿಬಿಡುತ್ತದೆ. ಸರಿಮಾಡಿದೆ, ಯಂತ್ರ ಹೊರಟಿತು. ಒಳಗೆ ಎಂಟೂ ಜನ ಕಂಡರು. ಮೇಸ್ತ್ರಿ ಮಾತ್ರ ಪರದೆಯನ್ನು ನೋಡದೆ ನನ್ನ ಮುಖ ನೋಡುತ್ತಿದ್ದರು.

"ಕಣ್ಣು ಇಷ್ಟು ಹೋಗಿದೆ ಅಂತ ಹೇಳಲೇ ಇಲ್ವಲ್ಲ ಸಾರ್. ಆಪರೇಷನ್ ಯಾವಾಗ?"

"ಗುರುವಾರ."

"ಜೊತೆಗೆ ಯಾರು ಬರ್ತಾರೆ? ನಾನು ಬರಲಾ? ರಜಾ ಇದೆ ನಂದು."

"ಬೇಡ ಮೇಸ್ತ್ರಿ. ಅಣ್ಣ, ತಂಗಿ, ಎಲ್ಲ ಬರ್ತಾ ಇದ್ದಾರೆ. ಆಸ್ಪತ್ರೆಯವರೇ ಜಾಗ ಸಾಲಲ್ಲ ಅಂತಾರೆ."

ಅವರು ನಕ್ಕು, "ಪುಣ್ಯವಂತರು ನೀವು" ಎಂದು ಹೋದರು. ಬಾಗಿಲು ಮುಚ್ಚಿಕೊಂಡ ಮೇಲೆ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಕೇಳದೆ ಬಂದ ಸಹಾಯವನ್ನು ಒದ್ದು ಕಳಿಸಿದ್ದೆ. ಹೋಗಿ "ಸುಳ್ಳು ಹೇಳಿದೆ, ಬನ್ನಿ" ಎನ್ನುವಷ್ಟು ಗಂಡಸುತನ ನನ್ನಲ್ಲಿರಲಿಲ್ಲ.

ಬುಧವಾರ ಬೆಳಿಗ್ಗೆ ಕಾರ್ಖಾನೆಗೆ ಕಾಲಿಡುವಾಗಲೇ ಮೇಸ್ತ್ರಿ ಬಾಗಿಲಲ್ಲಿ ಕಾಯುತ್ತಿದ್ದರು. ಎಂಟು ಆಳು ಬಂದ ಮೇಲೆ ಗಣಿತ ಮೊದಲಿಗಿಂತ ನಿಧಾನವಾಗಿತ್ತು. ಎರಡು ಆಳಿದ್ದಾಗ ಕುಂಟುತ್ತಾದರೂ ನಡೆಯುತ್ತಿತ್ತು, ಈಗ ನಿಂತು ನಿಂತು ಸಾಗುತ್ತಿತ್ತು. ಉಜ್ಜುವ ವಿಭಾಗಕ್ಕೆ ಹೋಗಿ ನೋಡಿದೆ. ಸಾಲಾಗಿ ನಿಂತ ಯಂತ್ರಗಳು, ಹಿಡಿತದಲ್ಲಿ ಗಾಜಿನ ಬಿಲ್ಲೆ, ಕೆಳಗೆ ಹರಿಯಲು ಸಿದ್ಧವಾಗಿರುವ ನೀರು, ಎದುರಿಗೆ ಕೈಕಟ್ಟಿ ನಿಂತ ಕೆಲಸಗಾರರು. ಎಲ್ಲರೂ ನನ್ನನ್ನೇ ನೋಡಿದರು.

"ಇನ್ನೂ ನಾಲ್ಕು ಹಾಕಿ ನೋಡಿ ಸಾರ್" ಎಂದರು ಮೇಸ್ತ್ರಿ. ನನಗೂ ಮೊದಲು ಹೊಳೆದದ್ದು ಅದೇ. ಆದರೆ ನಿಜವಾದ ಯಂತ್ರದಲ್ಲಿ ಇರುವುದೇ ಎಂಟು ಆಳು.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಭೂತಗನ್ನಡಿ ಹಿಡಿದು ಒಂದೊಂದೇ ಅಂಕಿ ಓದಿದೆ. ವಿಚಿತ್ರವೆಂದರೆ ಆ ಎಂಟು ಜನರಲ್ಲಿ ಯಾರೂ ಬೆವರು ಸುರಿಸುತ್ತಿರಲಿಲ್ಲ. ಕೆಲಸ ಹೆಚ್ಚಾಗಿ ಯಂತ್ರ ತಡವಾದರೆ ಆಳುಗಳು ಪೂರ್ತಿ ದುಡಿಯುತ್ತಿರಬೇಕು. ಇಲ್ಲಿ ಎಲ್ಲರೂ ಬಹುಪಾಲು ಖಾಲಿ, ಆದರೂ ಕೆಲಸ ನಿಂತಿದೆ. ಯಂತ್ರದ ನೆನಪಿನ ಜಾಗ, ಅಂದರೆ ಮೆಮೊರಿ ನೋಡಿದೆ, ಸಾಕಷ್ಟಿದೆ. ಹಾರ್ಡ್ ಡಿಸ್ಕ್ ನೋಡಿದೆ, ಸರಿಯಿದೆ. ಒಳಗಿನಿಂದ ನೋಡಿದರೆ ತಪ್ಪೇ ಇಲ್ಲ. ಕೊನೆಗೆ ಸುಳ್ಳು ಯಂತ್ರದಿಂದ ಹೊರಗೆ ಬಂದು, ಆಳು ಹಂಚುವ ತಂತ್ರಾಂಶದ ಕಡೆಯಿಂದ ನೋಡಿದೆ. ಅಲ್ಲಿ ಮೂಲೆಯಲ್ಲಿ ಅಂಕಿಗಳ ಒಂದು ಸಾಲು, ಯಾರು ಎಷ್ಟು ಹೊತ್ತು ಕಾದರು ಎಂದು ತೋರಿಸುವುದು. ನಾವು ಅದನ್ನು ನೋಡುತ್ತಲೇ ಇರಲಿಲ್ಲ. ಗಣಿತದ ಯಂತ್ರದ ಎದುರಿಗೆ ಅಂಕಿ ಉಬ್ಬಿ ಕೂತಿತ್ತು. ಅದು ದುಡಿದದ್ದು ಅಷ್ಟಕ್ಕಷ್ಟೇ, ಕಾದದ್ದೇ ಎಲ್ಲ.

ಆಗ ಅರ್ಥವಾಯಿತು. ಯಂತ್ರ ನಿಲ್ಲಿಸಿದೆ. ಒಂದು ಮನೆ, ಮೂರು ಆಳು ಎಂದು ಬರೆದೆ. ಈ ಸಲ ಬೇಕೆಂದೇ ಮೂರು, ಭೂತಗನ್ನಡಿಯಲ್ಲಿ ಎರಡೆರಡು ಸಲ ನೋಡಿ. ಹೊರಡಿಸಿದೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಒಂದು ಉಜ್ಜುವ ಯಂತ್ರ ಕುಂಯ್ಗುಟ್ಟಿತು, ಅದರ ಹಿಂದೆ ಇನ್ನೊಂದು, ಆಮೇಲೆ ಪೂರ್ತಿ ಸಾಲು. ಗೋಡೆ ಸಣ್ಣಗೆ ನಡುಗಿತು. ನನಗೆ ಆ ಸದ್ದು ಬಹಳ ಇಷ್ಟ. ಆಚೆ ಕಡೆ ಜನ ಇದ್ದಾರೆ ಎಂದು ಗೊತ್ತಾಗುತ್ತದೆ.

ಮೇಸ್ತ್ರಿ ಓಡಿ ಬಂದರು. "ಎಷ್ಟು ಆಳು ಹಾಕಿದ್ರಿ ಸಾರ್? ಹದಿನಾರಾ?"

"ಐದು ಜನರನ್ನ ತೆಗೆದೆ."

"ತೆಗೆದ್ರೆ ಜೋರಾಗೋದು ಹೇಗೆ? ತಮಾಷೆ ಮಾಡಬೇಡಿ."

"ಕೂತ್ಕೊಳ್ಳಿ, ಹೇಳ್ತೀನಿ." ಡಬ್ಬಿ ತೆಗೆದು ಆ ಕುರ್ಚಿ ಖಾಲಿ ಮಾಡಿಕೊಟ್ಟೆ. "ಕಬ್ಬಿಣದಲ್ಲಿ ಇರೋದೇ ಎಂಟು ಆಳು. ಅದೇ ಎಂಟು ಜನ ಹಾಜರಿಗೂ ಹೋಗಬೇಕು, ಲೆಕ್ಕಕ್ಕೂ ಹೋಗಬೇಕು, ಅಂಚೆಗೂ ಹೋಗಬೇಕು. ಒಬ್ಬ ಬಂದು ಮೂರು ಆಳು ಬೇಕು ಅಂದ್ರೆ ಮೂರು ಜನ ಯಾವಾಗ್ಲೂ ಸಿಗ್ತಾರೆ. ನಾನು ಕೇಳಿದ್ದು ಎಂಟು. ನಮ್ಮದು ಹಳೇ ಕಾಲದ ಹಂಚಿಕೆ, ಎಂಟು ಕೇಳಿದವನಿಗೆ ಎಂಟೂ ಸಿಗೋ ತನಕ ಕೆಲಸ ಶುರು ಮಾಡಿಸಲ್ಲ. ಏಳು ಜನ ಸುಮ್ಮನೆ ನಿಂತಿರ್ತಾರೆ, ಒಬ್ಬ ಹಾಜರಿ ಹಾಕೋಕೆ ಹೋಗಿರ್ತಾನೆ. ಅವನು ಬರೋ ಹೊತ್ತಿಗೆ ಇನ್ನಿಬ್ಬರು ಅಂಚೆಗೆ ಹೋಗಿರ್ತಾರೆ. ಯಾರಿಗೂ ಮನಸ್ಸಿಲ್ಲ ಅಂತಲ್ಲ, ಯಾರೂ ಸೋಮಾರಿ ಅಂತಲೂ ಅಲ್ಲ. ಎಲ್ಲರಿಗೂ ಒಟ್ಟಿಗೆ ಬಿಡುವಾಗಲಿ ಅಂತ..."

'ಒಟ್ಟಿಗೆ' ಎಂಬ ಮಾತು ನನ್ನ ಕಿವಿಗೇ ಅಣ್ಣನ ದನಿಯಲ್ಲಿ ಕೇಳಿಸಿತು.

"ಆಮೇಲೆ?" ಎಂದರು ಮೇಸ್ತ್ರಿ.

"ಆಮೇಲೇನು, ಕಾಯ್ತಾ ಇತ್ತು."

ಅವರು ತಲೆಯಾಡಿಸಿದರು. "ನಮ್ಮ ವಿಭಾಗದಲ್ಲಿ ಟೀ ಕುಡಿಯೋಕೆ ಹೋಗೋದೂ ಹೀಗೇ ಸಾರ್. ಎಲ್ರೂ ಬರಲಿ ಅಂತ ಕಾದು ಕಾದು ಟೀ ಮುಗಿದುಹೋಗಿರುತ್ತೆ" ಎಂದು ಎದ್ದು ಹೋದರು. ನಾನು ನಗಬೇಕಿತ್ತು, ಆಗಲಿಲ್ಲ.

ಯಂತ್ರವನ್ನು ನೋಡಿ ಬಾಳಿಗೆ ಪಾಠ ಕಲಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಬ್ಬಿಣ ಕಬ್ಬಿಣವೇ, ಅಣ್ಣ ಅಣ್ಣನೇ. ಆದರೂ ಮೊಬೈಲ್ ತೆಗೆದು ಗುಂಪಿನಲ್ಲಿ ನನ್ನ ಸುದ್ದಿಯ ತನಕ ಮೇಲೆ ಹೋದೆ. ಭೂತಗನ್ನಡಿಯಲ್ಲಿ ಮತ್ತೆ ಓದಿದೆ. ಯಾರಾದರೂ ಒಬ್ಬರು. ನಾನು ಯಾರನ್ನೂ ಕೇಳಿರಲೇ ಇಲ್ಲ. ಎಲ್ಲರನ್ನೂ ಕೇಳಿದ್ದೆ, ಹಾಗಾಗಿ ಯಾರನ್ನೂ ಕೇಳಿರಲಿಲ್ಲ. ಒಬ್ಬರನ್ನು ಹೆಸರು ಹಿಡಿದು ಕೇಳಿದರೆ ಆ ಒಬ್ಬರು ಆಗುವುದಿಲ್ಲ ಎನ್ನಬಹುದು. ಆ ಮಾತು ಕೇಳುವ ಶಕ್ತಿ ನನಗಿರಲಿಲ್ಲ, ಅದಕ್ಕೇ ಗುಂಪಿಗೆ ಎಸೆದು ಕೂತಿದ್ದೆ.

ಯಾರನ್ನು ಕೇಳುವುದು? ಅಣ್ಣನಿಗೆ ಫೋನ್ ಮಾಡಿದರೆ ಅವನು ಅಲ್ಲಿಂದಲೇ ಎಲ್ಲರನ್ನೂ ಸೇರಿಸಲು ಹೊರಡುತ್ತಾನೆ. ಪುಟ್ಟಿಗೆ ಪರೀಕ್ಷೆ ನಿಜವಾಗಿಯೂ ಇದೆ. ಉಳಿದವಳು ಅಕ್ಕ. ಅವಳ ಗಂಡ ಹೋದ ಮೇಲೆ ಒಬ್ಬಳೇ ಇದ್ದಾಳೆ. ಅವಳಿಗೆ ನಾನು ಒಬ್ಬನೇ, ಬೇರೆ ಯಾರೂ ಜೊತೆಗಿಲ್ಲದೆ, ಫೋನ್ ಮಾಡಿ ಎಷ್ಟು ಕಾಲವಾಯಿತು ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೆಟ್ಟಿಲ ಹತ್ತಿರ ಹೋಗಿ ನಿಂತೆ. ಅಲ್ಲಿ ಯಾರೂ ಬರುವುದಿಲ್ಲ, ಲಿಫ್ಟ್ ಕೆಟ್ಟ ದಿನ ಬಿಟ್ಟು. ಫೋನು ಬಹಳ ಹೊತ್ತು ಹೊಡೆದುಕೊಂಡಿತು.

"ಹಲೋ. ಯಾರಿಗೆ ಏನಾಯ್ತು?" ಎಂದಳು ಅಕ್ಕ. ನಮ್ಮಲ್ಲಿ ಒಬ್ಬರೇ ಫೋನ್ ಮಾಡಿದರೆ ಯಾರಿಗೋ ಏನೋ ಆಗಿದೆ ಎಂದೇ ಅರ್ಥ.

"ಯಾರಿಗೂ ಏನೂ ಆಗಿಲ್ಲ. ನಾನು."

"ಗೊತ್ತು ನೀನು ಅಂತ. ಏನೋ?"

"ನಾಳೆ ಕಣ್ಣಿನ ಆಪರೇಷನ್."

"ಗ್ರೂಪಲ್ಲಿ ಹಾಕಿದ್ಯಲ್ಲ, ನೋಡಿದೆ."

"ಹಾಕಿದ್ದೆ. ಈಗ ನಿನ್ನನ್ನ ಕೇಳ್ತಾ ಇದ್ದೀನಿ ಅಕ್ಕ. ನಿನ್ನೊಬ್ಬಳನ್ನೇ. ನೀನು ಬರ್ತೀಯಾ ನನ್ ಜೊತೆ?"

ಆ ಕಡೆಯಿಂದ ಕುಕ್ಕರಿನ ಸೀಟಿ ಕೇಳಿಸಿತು, ಯಾವುದೋ ಬಾಗಿಲು ಹಾಕಿದ ಸದ್ದು ಕೇಳಿಸಿತು. ಮೊಣಕಾಲಿನ ನೆಪ ಈಗ ಬರುತ್ತದೆ ಎಂದು ಮೆಟ್ಟಿಲ ಕಂಬಿ ಹಿಡಿದುಕೊಂಡೆ. ಅದಕ್ಕೆ ಏನು ಉತ್ತರ ಹೇಳಬೇಕು ಎಂದೂ ಯೋಚಿಸಿಟ್ಟುಕೊಂಡಿದ್ದೆ. ಪರವಾಗಿಲ್ಲ ಅಕ್ಕ, ಆಫೀಸಿನವರು ಇದ್ದಾರೆ.

"ಎಷ್ಟು ಗಂಟೆಗೆ?" ಎಂದಳು ಅಕ್ಕ.

ಹೇಳಿದೆ. ಯಾವ ಆಸ್ಪತ್ರೆ ಎಂದೂ ಹೇಳಿದೆ. ಅವಳು "ಹೂಂ" ಎಂದಳು. ನಾನು ಇನ್ನೂ ಏನೋ ಹೇಳಬೇಕೆಂದು ನಿಂತಿದ್ದೆ, ಅವಳೇ "ಒಲೆ ಮೇಲಿದೆ, ಇಡ್ತೀನಿ" ಎಂದು ಇಟ್ಟಳು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಗಂಡಸು ಕಣ್ಣು ಒರೆಸಿಕೊಳ್ಳುವುದನ್ನು ಯಾರೂ ನೋಡಲಿಲ್ಲ. ನೋಡಿದ್ದರೆ ಪೊರೆಯ ನೀರು ಎಂದು ಹೇಳುತ್ತಿದ್ದೆ.

ಗುರುವಾರ ನಾನು ಹೋಗುವ ಹೊತ್ತಿಗೆ ಅಕ್ಕ ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದಳು. ಎರಡು ಬಸ್ಸು ಬದಲಿಸಿ ಬಂದವಳು. ಕೈಯಲ್ಲಿ ಬುತ್ತಿಯ ಚೀಲ, ಭುಜದ ಮೇಲೆ ಕೊಡೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸ್ವೆಟರ್ ಯಾಕೆ ಹಾಕಿದ್ಯೋ, ಈ ಬಿಸಿಲಲ್ಲಿ?" ಎಂದಳು. ಅಭ್ಯಾಸಬಲ ಎಂದೆ. ಅವಳು ನನ್ನ ಮೊಣಕೈ ಹಿಡಿದುಕೊಂಡಳು. ಹಿಡಿತ ಗಟ್ಟಿಯಾಗಿತ್ತು.

ಒಳಗೆ ಕಾಲಿಟ್ಟ ಕೂಡಲೇ ನಾನು ಎಡಕ್ಕೆ, ಜನ ಸಾಲು ನಿಂತ ಕಡೆ ತಿರುಗಿದೆ.

"ಆ ಕಡೆ ಅಲ್ಲ. ಅದು ಬರೀ ಕನ್ನಡಕ ಮಾಡಿಸೋರಿಗೆ" ಎಂದು ಅಕ್ಕ ಬಲಕ್ಕೆ ಎಳೆದಳು. ಲಿಫ್ಟಿನ ಎದುರು ನಿಲ್ಲದೆ ಇಳಿಜಾರಿನಲ್ಲಿ ಮೇಲಕ್ಕೆ ಕರೆದುಕೊಂಡು ಹೋದಳು. ಲಿಫ್ಟಿಗೆ ಕಾದರೆ ಹೊತ್ತಾಗುತ್ತದೆ, ಮೊಣಕಾಲಿಗೂ ಇಳಿಜಾರೇ ವಾಸಿ ಎಂದಳು. ಮಹಡಿಯ ಮೂಲೆಯಲ್ಲಿ ಒಂದು ಬಾಗಿಲು ತಳ್ಳಿ, ಒಳಗಿದ್ದ ಕುರ್ಚಿಗಳ ಸಾಲಿನಲ್ಲಿ ಕೊನೆಯದರ ಪಕ್ಕದಲ್ಲಿ ಕೂರಿಸಿದಳು. "ಇಲ್ಲಿ ಕೂತರೆ ಗಾಳಿ ಬರುತ್ತೆ. ಆ ಕಡೆ ಫಿನಾಯಿಲ್ ವಾಸನೆ." ಇಷ್ಟಕ್ಕೂ ಅವಳು 'ಕಣ್ಣಿನ ಪೊರೆ ವಿಭಾಗ ಎಲ್ಲಿ' ಎಂದು ಯಾರನ್ನೂ ಕೇಳಿರಲಿಲ್ಲ.

ನರ್ಸ್ ಬಂದು ನನ್ನನ್ನು ನೋಡಿ, "ಜೊತೆಗೆ ಯಾರು?" ಎಂದಳು.

"ನಮ್ಮಕ್ಕ" ಎಂದೆ. ಹೇಳುವಾಗ ದನಿ ಸ್ವಲ್ಪ ಜೋರಾಯಿತು. ಬೇಕೆಂದೇ ಜೋರಾಗಿ ಹೇಳಿದೆ.

ನರ್ಸ್ ಹನಿ ಹಾಕುವ ಕ್ರಮ ವಿವರಿಸಲು ಶುರುಮಾಡಿದಳು. ಅಕ್ಕ ಅವಳಿಗಿಂತ ಒಂದು ಮಾತು ಮುಂದೆಯೇ ಇದ್ದಳು. ತಲೆಗೆ ನೀರು ಹಾಕಿಕೊಳ್ಳಬಾರದು, ಬಗ್ಗಬಾರದು, ಎಡಕ್ಕೆ ಒರಗಿ ಮಲಗಬಾರದು. ನರ್ಸ್ ನಕ್ಕು, "ನಿಮಗೆ ಎಲ್ಲ ಗೊತ್ತಿದೆಯಲ್ಲಮ್ಮ" ಎಂದು ಒಳಗೆ ಹೋದಳು.

ನಾನು ಅಕ್ಕನ ಕಡೆ ತಿರುಗಿದೆ. ಇಷ್ಟು ಹತ್ತಿರದಿಂದ ಅವಳ ಮುಖ ನೋಡಿ ವರ್ಷಗಳೇ ಆಗಿದ್ದವು.

"ನಿಂಗೆ ಯಾವಾಗ ಆಯ್ತು?"

"ಹೋದ ವರ್ಷ. ಎರಡು ಕಣ್ಣಿಗೂ. ಒಂದಾದ ಮೇಲೆ ಒಂದು." ಅವಳು ಚೀಲದ ಗಂಟು ಸರಿಮಾಡಿಕೊಂಡಳು. "ಇಲ್ಲೇ. ಇದೇ ಡಾಕ್ಟರು."

"ಹೇಳಲೇ ಇಲ್ಲ ನೀನು."

"ಹೇಳಿದ್ದರೆ ಎಲ್ಲರೂ ಭಾನುವಾರ ಒಟ್ಟಿಗೆ ಬರ್ತೀವಿ ಅಂತಿದ್ರಿ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಅಣ್ಣನ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು.

"ಒಬ್ಬಳನ್ನೇ ಬಿಟ್ಟರಾ ಇವರು? ನನ್ನನ್ನ ವಾಪಸ್ ಕಳಿಸಿದ್ರಲ್ಲ."

"ಬಿಡಲಿಲ್ಲ. ಜೊತೆಗೆ ಯಾರು ಅಂತ ಕೇಳಿದ್ರು. ಬಂದ ಟ್ಯಾಕ್ಸಿಯವನು ನನ್ನ ಚೀಲ ಎತ್ಕೊಂಡು ಇಲ್ಲಿ ತನಕ ಬಂದಿದ್ದ, ಪಾಪ. ಅವನನ್ನ ತೋರಿಸಿ, ನನ್ನ ತಮ್ಮ ಅಂದೆ. ಅವನು ಒಂದು ಸಲ ನನ್ನ ಮುಖ ನೋಡಿದ, ಆಮೇಲೆ ಹೂಂ ಅಂದ. ಹನಿ ಯಾವಾಗ ಹಾಕಬೇಕು, ಹೇಗೆ ಮಲಗಿಸಬೇಕು, ಎಲ್ಲ ಕೈಕಟ್ಟಿ ನಿಂತು ಕೇಳಿಸಿಕೊಂಡ. ನಾನು ಒಳಗಿರೋ ಅಷ್ಟು ಹೊತ್ತೂ ನೀನು ಕೂತಿದ್ದೀಯಲ್ಲ, ಈ ಕುರ್ಚಿಯಲ್ಲೇ ಕೂತಿದ್ದ."

ನಾನು ಕುರ್ಚಿಯ ಕೈ ಹಿಡಿದುಕೊಂಡೆ.

"ಆಮೇಲೆ ಹೆಸರು ಕೇಳಿದ್ರು" ಎಂದಳು ಅಕ್ಕ. "ಟ್ಯಾಕ್ಸಿಯವನ ಹೆಸರು ನಂಗೇನು ಗೊತ್ತು? ನಿನ್ನ ಹೆಸರು ಹೇಳಿಬಿಟ್ಟೆ."

ಒಳಗಿನ ಬಾಗಿಲು ತೆರೆಯಿತು. ನರ್ಸ್ ಹೊಸ್ತಿಲಲ್ಲಿ ನಿಂತು ನನ್ನ ಹೆಸರು ಕೂಗಿದಳು. ನನಗಿಂತ ಮೊದಲು ಅಕ್ಕ ಎದ್ದಳು.